ಔಷಧದಾನಕ್ಕೆ ಸದಸ್ಯತ್ವ ಶುಲ್ಕವೇ?

ಕಳೆದ ವರ್ಷದ ಕೊನೆಯಲ್ಲಿ ನಮ್ಮ ಬಸದಿಯ ಟ್ರಸ್ಟಿನ ಸಭೆಯಲ್ಲಿ ಒಂದು ಸೂಚನೆ ಮಂಡಿತವಾಯಿತು. ಟ್ರಸ್ಟ್ ನಡೆಸುತ್ತಿರುವ ಧರ್ಮಾರ್ಥ ಔಷಧಾಲಯದಲ್ಲಿ ವರ್ಷಕ್ಕೆ 6,000 ರೂಪಾಯಿ ಕೊಡುವವರಿಗೆ ಸದಸ್ಯತ್ವ ನೀಡಬೇಕು. ಸದಸ್ಯರು ಚೀಟಿ ಹಿಡಿದು ಸರತಿಯಲ್ಲಿ ಕೂರಬೇಕಾಗಿಲ್ಲ. ವೈದ್ಯರ ದೂರವಾಣಿ ಸಂಖ್ಯೆಯನ್ನು ಅವರಿಗೆ ಮಾತ್ರ ಕೊಡತಕ್ಕದ್ದು. ಬಂದ ಹಣದಿಂದ ಬಡವರಿಗೆ ಔಷಧಗಳನ್ನು ಕೊಳ್ಳಬಹುದು. ಇದು ಸೂಚನೆಯ ಸಾರ. ಮಂಡಿಸಿದವರು ಸಮಾಜದಲ್ಲಿ ಗೌರವಾನ್ವಿತರು, ಉದಾರಿಗಳು. ಔಷಧಾಲಯದ ಮೇಲ್ಛಾವಣಿ ಅವರ ದಾನದಿಂದಲೇ ಆದದ್ದು. ಅಮೆರಿಕೆಯಲ್ಲಿರುವ ಮಗಳ ಮನೆಗೆ ಹೋಗಿಬಂದ ಅವರು ಅಲ್ಲಿ ಈ ಪದ್ಧತಿಯನ್ನು ಕಣ್ಣಾರೆ ಕಂಡು ಮೆಚ್ಚಿದ್ದರು. “ಇದು ಈ ಕಾಲದ ಔಷಧದಾನ” ಎಂದು ಅವರು ಮಾತು ಮುಗಿಸಿದಾಗ ಕೆಲವರು ತಲೆದೂಗಿದರು. ನಾನು ತಲೆದೂಗಲಿಲ್ಲ. ಏಕೆ ಎಂಬುದನ್ನು ಸಭೆಯಲ್ಲಿ ಸರಿಯಾಗಿ ವಿವರಿಸಲು ನನ್ನಿಂದ ಆಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕೆಯಲ್ಲಿ ಇದಕ್ಕೆ ‘ಕಾನ್ಸಿಯರ್ಜ್ ಮೆಡಿಸಿನ್’ ಎಂದು ಹೆಸರು. ಕಾನ್ಸಿಯರ್ಜ್ ಎಂಬುದು ಫ್ರೆಂಚ್ ಪದ. ಕಟ್ಟಡದ ಬಾಗಿಲು ಕಾಯುವವನು ಎಂದರ್ಥ. ದೊಡ್ಡ ಹೋಟೆಲುಗಳಲ್ಲಿ ಅತಿಥಿಗಳ ಬೇಕುಬೇಡಗಳನ್ನು ವಿಚಾರಿಸುವವನಿಗೂ ಆ ಹೆಸರೇ ಆಯಿತು. ನಮ್ಮ ಬಸದಿಗಳ ಬಾಗಿಲಲ್ಲಿಯೂ ದ್ವಾರಪಾಲಕರಿದ್ದಾರೆ. ಅವರು ಇಷ್ಟು ಶತಮಾನಗಳಲ್ಲಿ ಯಾರ ರಸೀದಿಯನ್ನೂ ಕೇಳಿದ್ದಿಲ್ಲ. ಇರಲಿ. 1996ರಲ್ಲಿ ಸಿಯಾಟಲ್ ನಗರದಲ್ಲಿ ಡಾ. ಹೋವರ್ಡ್ ಮ್ಯಾರನ್ ಎಂಬ ವೈದ್ಯರು ಈ ಪದ್ಧತಿಗೆ ನಾಂದಿ ಹಾಡಿದರು. ಅವರು ಅದಕ್ಕೆ ಮುಂಚೆ ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡದ ವೈದ್ಯರಾಗಿದ್ದವರು. ಆಟಗಾರರಿಗೆ ಯಾವ ಹೊತ್ತಿನಲ್ಲಿ ಕರೆದರೂ ಒದಗುವ ವೈದ್ಯನ ಸೇವೆ ಹಣವುಳ್ಳ ಕುಟುಂಬಗಳಿಗೂ ಏಕೆ ದೊರೆಯಬಾರದು ಎಂಬುದು ಅವರ ಯೋಚನೆ. ಅವರ ಸಂಸ್ಥೆಯಲ್ಲಿ ಒಬ್ಬ ವೈದ್ಯನಿಗೆ ಐವತ್ತೇ ಕುಟುಂಬಗಳು. 2000ದಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ ಎಂಡಿವಿಐಪಿ ಎಂಬ ಇನ್ನೊಂದು ಸಂಸ್ಥೆ ಶುಲ್ಕವನ್ನು ಮಧ್ಯಮ ವರ್ಗದ ಮೇಲ್ತುದಿಗೆ ಎಟುಕುವಂತೆ ಇಳಿಸಿ, ಒಬ್ಬ ವೈದ್ಯನಿಗೆ ಹೆಚ್ಚೆಂದರೆ 600 ಜನ ಎಂದು ಮಿತಿ ಹಾಕಿತು. ಅಲ್ಲಿ ಸಾಮಾನ್ಯ ಕುಟುಂಬ ವೈದ್ಯನೊಬ್ಬನ ಪಟ್ಟಿಯಲ್ಲಿ 2,000 ಅಥವಾ ಅದಕ್ಕೂ ಮಿಕ್ಕಿದ ಜನರಿರುವುದು ವಿಶೇಷವಲ್ಲ.

ಶುಲ್ಕ ಕೊಟ್ಟವನಿಗೆ ದೊರೆಯುವುದೇನು? ಅದೇ ದಿನ ಅಥವಾ ಮರುದಿನ ಭೇಟಿ, ಗಡಿಯಾರ ನೋಡದೆ ಮಾತನಾಡುವ ವೈದ್ಯ, ಅವನ ಸ್ವಂತ ದೂರವಾಣಿ ಸಂಖ್ಯೆ, ವರ್ಷಕ್ಕೊಮ್ಮೆ ವಿಸ್ತಾರವಾದ ತಪಾಸಣೆ. ದೊರೆಯದಿರುವುದೇನು ಎಂಬುದನ್ನು ಜಾಹೀರಾತುಗಳು ಸಣ್ಣ ಅಕ್ಷರಗಳಲ್ಲಿ ಹೇಳುತ್ತವೆ. ಆಸ್ಪತ್ರೆಯ ಖರ್ಚು, ತಜ್ಞರ ಖರ್ಚು, ಸ್ಕ್ಯಾನಿಂಗ್, ಔಷಧ, ಇವೆಲ್ಲಕ್ಕೂ ಬೇರೆ ವಿಮೆ ಇರಲೇಬೇಕು. 65 ವರ್ಷ ದಾಟಿದವರಿಗೆ ಸರಕಾರ ನಡೆಸುವ ಮೆಡಿಕೇರ್ ವಿಮೆ ಈ ಸದಸ್ಯತ್ವ ಶುಲ್ಕದಲ್ಲಿ ಒಂದು ಸೆಂಟನ್ನೂ ಭರಿಸುವುದಿಲ್ಲ. ನಡುರಾತ್ರಿ ಎದೆನೋವು ಬಂದರೆ ಸದಸ್ಯನೂ 911ಕ್ಕೇ ಕರೆ ಮಾಡಬೇಕು, ಸದಸ್ಯನಲ್ಲದವನೂ 911ಕ್ಕೇ ಕರೆ ಮಾಡಬೇಕು. ಆಂಬುಲೆನ್ಸ್ ಇಬ್ಬರ ಮನೆಗೂ ಒಂದೇ ವೇಗದಲ್ಲಿ ಬರುತ್ತದೆ.

ಆ ವೈದ್ಯರನ್ನು ದುರಾಶೆಯವರೆಂದು ಹಳಿಯುವುದು ನನ್ನ ಉದ್ದೇಶವಲ್ಲ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ರೋಗಿಗಳನ್ನು ನೋಡಿ, ರಾತ್ರಿ ಮನೆಯಲ್ಲಿ ಕುಳಿತು ವಿಮಾ ಕಂಪನಿಗಳ ಕಾಗದಪತ್ರ ತುಂಬಿ ಬಳಲಿದ ವೈದ್ಯನೊಬ್ಬ ಇನ್ನು ತನ್ನಿಂದ ಆಗದು ಎಂದರೆ ಅದು ಅಪರಾಧವಲ್ಲ. ಆದರೆ ಗಣಿತವನ್ನು ಯಾರೂ ಮರೆಯಬಾರದು. ಶುಲ್ಕವು ಹೊಸ ವೈದ್ಯನನ್ನು ಸೃಷ್ಟಿಸುವುದಿಲ್ಲ, ಇದ್ದ ವೈದ್ಯನ ದಿನಕ್ಕೆ ಇಪ್ಪತ್ತೈದನೆಯ ಗಂಟೆಯನ್ನು ಸೇರಿಸುವುದಿಲ್ಲ. 2,000 ಜನರಿದ್ದ ಪಟ್ಟಿಯಲ್ಲಿ 600 ಜನ ಉಳಿದರೆ 1,400 ಜನ ಹೊರಗೆ ಹೋದರು. ಒಳಗೆ ಉಳಿದವನು ಕೊಂಡದ್ದು ಔಷಧವನ್ನಲ್ಲ, ವಿದ್ಯೆಯನ್ನೂ ಅಲ್ಲ. ಹೊರಗೆ ಹೋದವನು ಕುಳಿತಿದ್ದ ಕುರ್ಚಿಯನ್ನು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2003ರಲ್ಲಿಯೇ ಈ ಬಗ್ಗೆ ನೀತಿಸೂಚನೆ ಹೊರಡಿಸಿ, ಸದಸ್ಯರಿಗೆ ಉತ್ತಮ ಚಿಕಿತ್ಸೆ, ಉಳಿದವರಿಗೆ ಕನಿಷ್ಠ ಚಿಕಿತ್ಸೆ ಎಂಬ ಭಾವನೆಯನ್ನು ವೈದ್ಯರು ಹುಟ್ಟಿಸಬಾರದು, ಸೇರದೆ ಹೋದವರಿಗೆ ಬೇರೆ ವೈದ್ಯರು ದೊರೆಯುವಂತೆ ನೆರವಾಗಬೇಕು ಎಂದಿತು. ವೈದ್ಯರ ಸಂಘಕ್ಕೇ ಕಂಡ ಸಂಕೋಚ ನಮ್ಮ ಸಭೆಗೆ ಕಾಣದಿದ್ದುದು ಆಶ್ಚರ್ಯ.

ಫಲವಾದರೂ ಏನು? 2012ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇಂಥ ಸದಸ್ಯರು ಆಸ್ಪತ್ರೆ ಸೇರುವ ಪ್ರಸಂಗಗಳು ಕಡಿಮೆ ಎಂದು ಹೇಳಿತು. ಅದನ್ನು ಬರೆದವರಲ್ಲಿ ಆ ಸದಸ್ಯತ್ವವನ್ನು ಮಾರುವ ಸಂಸ್ಥೆಯವರೇ ಇದ್ದರು. 2023ರಲ್ಲಿ ಸ್ವತಂತ್ರ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ ಸದಸ್ಯರ ಒಟ್ಟು ವೈದ್ಯಕೀಯ ಖರ್ಚು ಶೇಕಡ 30ರಿಂದ 50ರಷ್ಟು ಏರಿದ್ದು ಕಂಡಿತು. ಮರಣ ಪ್ರಮಾಣದಲ್ಲಿ ಸರಾಸರಿಯಾಗಿ ಹೇಳಿಕೊಳ್ಳುವಂಥ ಇಳಿತ ಕಾಣಲಿಲ್ಲ.

ಇಷ್ಟನ್ನು ಓದಿದವರು ನಾನು ಇದನ್ನು ಪೂರ್ತಿ ತ್ಯಾಜ್ಯವೆಂದು ಹೇಳಿಬಿಡುತ್ತೇನೆಂದು ಭಾವಿಸಬಹುದು. ಎರಡು ವರ್ಷಗಳ ಹಿಂದೆ ಹಾಗೆಯೇ ಹೇಳಿದ್ದೆ. ಆ ಮಾತಿನ ಬೆಲೆಯನ್ನು ತೆತ್ತವಳು ನನ್ನ ಅಕ್ಕ.

ಅಕ್ಕನಿಗೆ 76 ವರ್ಷ. ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ದಿನಕ್ಕೆ ಏಳು ಬಗೆಯ ಮಾತ್ರೆಗಳು. ಸೂರ್ಯಾಸ್ತದ ನಂತರ ಆಹಾರ ಮುಟ್ಟುವವಳಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ; ನಾಲ್ಕಕ್ಕೆ ಊಟ ಮುಗಿಸಿದವಳು ಬೆಳಗ್ಗೆ ಎಂಟರವರೆಗೆ ಹದಿನಾರು ಗಂಟೆ ಬರಿಯ ಹೊಟ್ಟೆಯಲ್ಲಿರಬೇಕು. ಕ್ಯಾಪ್ಸೂಲಿನ ಹೊದಿಕೆ ದನದ್ದೋ ಹಂದಿಯದೋ ಎಲುಬು ಚರ್ಮಗಳಿಂದ ಮಾಡಿದ ಜೆಲಾಟಿನ್ ಎಂದು ತಿಳಿದ ದಿನದಿಂದ ಅವನ್ನೂ ಬಿಟ್ಟಳು. ಇಂಥ ರೋಗಿಯ ಮಾತನ್ನು ಹದಿನೈದು ನಿಮಿಷಗಳಲ್ಲಿ ಕೇಳಿ ಮುಗಿಸುವುದು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಹನ್ನೊಂದು ವರ್ಷ ಅವಳನ್ನು ನೋಡಿದ್ದ ವೈದ್ಯರಿಗೆ ಇದೆಲ್ಲ ತಿಳಿದಿತ್ತು. ಅವರಿಂದ ಒಂದು ದಿನ ಪತ್ರ ಬಂದಿತು: ಜನವರಿಯಿಂದ ತಾವು 600 ಜನರನ್ನು ಮಾತ್ರ ನೋಡುವುದಾಗಿಯೂ, ಮುಂದುವರಿಯಲು ಇಚ್ಛಿಸುವವರು ತಲಾ 2,400 ಡಾಲರ್ ವಾರ್ಷಿಕ ಶುಲ್ಕ ಕೊಡಬೇಕೆಂದೂ. ಅಕ್ಕನ ಮಗ, ಅವನ ಹೆಂಡತಿ, ಅಕ್ಕ, ಮೂವರದೂ ಸೇರಿ 7,200 ಡಾಲರ್.

“ಮಾವ, ಏನು ಮಾಡಲಿ?” ಎಂದು ಅವನು ಕೇಳಿದ. ನಾನು ಉತ್ಸಾಹದಿಂದ ಉಪದೇಶ ಮಾಡಿದೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂದು ಉಮಾಸ್ವಾಮಿಗಳ ಮಾತನ್ನು ನೆನಪಿಸಿದೆ. ಆರೋಗ್ಯದ ಮೂರ್ಛೆಯೂ ಒಂದು ಮೂರ್ಛೆಯೇ, ಬೇರೆಯವರನ್ನು ಹೊರದೂಡಿ ಪಡೆಯುವ ಸೌಕರ್ಯ ನಮಗೆ ಬೇಡ, ಬೇರೆ ವೈದ್ಯರನ್ನು ಹುಡುಕು ಎಂದೆ. ಅವನು ಹಿರಿಯರ ಮಾತು ಮೀರುವವನಲ್ಲ. ಹೊಸ ವೈದ್ಯರೊಬ್ಬರ ಪಟ್ಟಿಗೆ ಹೆಸರು ಹಚ್ಚಿದ; ಮೊದಲ ಭೇಟಿಗೇ ಮೂರು ತಿಂಗಳು ಕಾಯಬೇಕಾಯಿತು, ಭೇಟಿ ಹನ್ನೆರಡು ನಿಮಿಷಗಳಲ್ಲಿ ಮುಗಿಯಿತು. ಭಾದ್ರಪದ ಬಂದಿತು. ದಶಲಕ್ಷಣ ಪರ್ವದ ಹತ್ತು ದಿನವೂ ಅಕ್ಕ ಏಕಾಶನ ಹಿಡಿದಳು, ಮಾತ್ರೆಗಳನ್ನು ಮಾತ್ರ ಎಂದಿನಂತೆಯೇ ನುಂಗಿದಳು. ಅವುಗಳಲ್ಲಿ ಗ್ಲಿಮೆಪಿರೈಡ್ ಒಂದು. ಅದು ಹೊಟ್ಟೆಯಲ್ಲಿ ಅನ್ನವಿರಲಿ ಇಲ್ಲದಿರಲಿ ಇನ್ಸುಲಿನ್ನನ್ನು ಹೊರಡಿಸುವ ಔಷಧ. ಉಪವಾಸದ ದಿನಗಳಲ್ಲಿ ಅದರ ಪ್ರಮಾಣವನ್ನು ಮೊದಲೇ ವೈದ್ಯರನ್ನು ಕೇಳಿ ಬದಲಿಸಿಕೊಳ್ಳದಿದ್ದರೆ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಉತ್ತಮ ಶೌಚದ ದಿನ ಬೆಳಗಿನ ಜಾವ ಅಕ್ಕ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಳು. ಆಂಬುಲೆನ್ಸಿನವರು ಗ್ಲೂಕೋಸ್ ಏರಿಸಿ ಉಳಿಸಿದರು. ಹಳೆಯ ವೈದ್ಯರಾಗಿದ್ದರೆ ಪರ್ವಕ್ಕೆ ಹದಿನೈದು ದಿನ ಮುಂಚೆ ತಾವೇ ಕರೆ ಮಾಡಿ ವಿಚಾರಿಸುತ್ತಿದ್ದರೆಂದು ಅಕ್ಕನ ಮಗ ನನಗೆ ಹೇಳಿದ. ಆಕ್ಷೇಪಣೆಯ ಧ್ವನಿಯಲ್ಲಿ ಅಲ್ಲ. ಅದಕ್ಕೇ ಆ ಮಾತು ಇನ್ನೂ ಚುಚ್ಚುತ್ತದೆ.

ಸ್ವಾಮಿ ಸಮಂತಭದ್ರರಿಗೆ ಭಸ್ಮಕ ವ್ಯಾಧಿ ಬಂದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ, ಗುರುಗಳು ಅದನ್ನು ಕೊಡದೆ ಮೊದಲು ರೋಗವನ್ನು ವಾಸಿಮಾಡಿಕೊಳ್ಳಲು ಅಪ್ಪಣೆ ಮಾಡಿದರೆಂದೂ ನಮ್ಮ ಪರಂಪರೆ ಹೇಳುತ್ತದೆ. ಮುನಿಗಳಿಗೇ ದೇಹರಕ್ಷಣೆಯನ್ನು ವಿಧಿಸಿದ ಧರ್ಮದ ಹೆಸರಿನಲ್ಲಿ ನಾನು ಸಕ್ಕರೆ ಕಾಯಿಲೆಯ ವೃದ್ಧೆಯೊಬ್ಬಳಿಗೆ ಅಪರಿಗ್ರಹವನ್ನು ಬೋಧಿಸಿದ್ದೆ, ಅದೂ ಸಾವಿರಾರು ಮೈಲಿ ದೂರದಲ್ಲಿ ಕುಳಿತು. ಮರುವರ್ಷ ಅಕ್ಕನೊಬ್ಬಳ ಹೆಸರಿನಲ್ಲಿ 2,400 ಡಾಲರ್ ಕಟ್ಟಿದರು. ಅದನ್ನು ಕಟ್ಟಲು ಹೇಳಿದವನು ನಾನೇ.

ಹೀಗಾಗಿ ಕುಟುಂಬಗಳ ಮಟ್ಟಿಗೆ ನನ್ನ ಅಭಿಪ್ರಾಯ ಈಗ ಇಷ್ಟು. ಹಲವು ದೀರ್ಘ ರೋಗಗಳು, ಹಲವು ಔಷಧಗಳು, ವ್ರತನಿಯಮಗಳು, ಪರಭಾಷೆಯ ತೊಡಕು, ಇವೆಲ್ಲ ಒಂದೇ ದೇಹದಲ್ಲಿ ಕೂಡಿದ್ದರೆ, ಬೇರೆ ಬಾಗಿಲುಗಳನ್ನು ತಟ್ಟಿ ನೋಡಿದ ಮೇಲೂ ಕೇಳುವ ವೈದ್ಯ ದೊರೆಯದಿದ್ದರೆ, ಆ ಶುಲ್ಕ ವ್ಯರ್ಥವಲ್ಲ. ಆದರೆ ಬಾಗಿಲು ತಟ್ಟುವ ಕೆಲಸವನ್ನು ನಿಜವಾಗಿ ಮಾಡಬೇಕು. ಕ್ಯಾಪ್ಸೂಲಿನಲ್ಲಿ ಏನಿದೆ ಎಂಬುದನ್ನು ಔಷಧದಂಗಡಿಯ ಫಾರ್ಮಸಿಸ್ಟರೇ ಹೇಳುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಉಪವಾಸಕ್ಕೆ ಮುಂಚೆ ಯಾವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕೆಂಬುದನ್ನೂ ಅವರು ತಿಳಿಸಬಲ್ಲರು. ನಾವು ಅಷ್ಟನ್ನು ಮಾಡಿದ್ದರೂ ಅಕ್ಕ ಬೀಳುತ್ತಿರಲಿಲ್ಲ. ಇನ್ನು ನಲವತ್ತೈದು ವರ್ಷದ, ಗಟ್ಟಿಮುಟ್ಟಾದ ದಂಪತಿಗಳು ವರ್ಷಕ್ಕೆ 4,800 ಡಾಲರ್ ತೆತ್ತು ಕೊಳ್ಳುವುದು ಚಿಕಿತ್ಸೆಯನ್ನಲ್ಲ, ಭಯದಿಂದ ಬಿಡುಗಡೆಯನ್ನು. ಅದು ಆ ಅಂಗಡಿಯಲ್ಲಿ ಸಿಗುವ ಸರಕಲ್ಲ.

ಅಕ್ಕ ಕುಳಿತ ಕುರ್ಚಿಯಿಂದ ಯಾರೋ ಒಬ್ಬರು ಎದ್ದು ಹೋಗಿದ್ದಾರೆ ಎಂಬುದು ನನಗೆ ಗೊತ್ತಿದೆ. ಅದನ್ನು ಮುಚ್ಚಿಡಲಾರೆ. ಗೃಹಸ್ಥನಿಗೆ ಅಡಿಗೆಮನೆಯ, ಕೃಷಿಯ, ವ್ಯಾಪಾರದ ಹಿಂಸೆ ಪೂರ್ತಿ ತಪ್ಪದೆಂದು ಆಚಾರ್ಯರು ಒಪ್ಪಿದ್ದಾರೆ. ಆರಂಭೀ, ಉದ್ಯೋಗೀ ಎಂದು ಅದಕ್ಕೆ ಹೆಸರನ್ನೂ ಇಟ್ಟಿದ್ದಾರೆ. ಆದರೆ ಒಲೆ ಹಚ್ಚುವುದನ್ನು ಅವರು ಅಹಿಂಸಾವ್ರತವೆಂದು ಕರೆಯಲಿಲ್ಲ. ಅಕ್ಕನ ಶುಲ್ಕವೂ ಆ ಜಾತಿಯದು. ಸಂಸಾರಿಯ ಅನಿವಾರ್ಯ, ತಗ್ಗಿಸಬೇಕಾದದ್ದು, ಬೀಗಬೇಕಾದದ್ದಲ್ಲ.

ಈಗ ನಮ್ಮ ಔಷಧಾಲಯಕ್ಕೆ ಬರೋಣ. ಸಭೆಯಲ್ಲಿ ನಾನು ವಿರೋಧಿಸಿದಾಗ ಸೂಚಕರು ಸೌಮ್ಯವಾಗಿಯೇ ಕೇಳಿದರು: “ನಿಮ್ಮ ಅಕ್ಕನವರಿಗೆ ಒಂದು ನ್ಯಾಯ, ಊರಿನವರಿಗೆ ಒಂದು ನ್ಯಾಯವೇ?” ನನ್ನ ಬಾಯಿ ಕಟ್ಟಿತು. ಆ ರಾತ್ರಿ ನಿದ್ರೆ ಬರಲಿಲ್ಲ. ಉತ್ತರ ಹೊಳೆದದ್ದು ಮರುದಿನ ಬಸದಿಯಲ್ಲಿ, ಪೂಜೆಯಾದ ಮೇಲೆ ಅರ್ಚಕರು ಅರ್ಪಿತ ದ್ರವ್ಯವನ್ನು ಬೇರೆ ತಟ್ಟೆಗೆ ತೆಗೆದಿಡುವುದನ್ನು ನೋಡುತ್ತಿದ್ದಾಗ.

ನ್ಯೂಜೆರ್ಸಿಯ ವೈದ್ಯರು ಮಾರುತ್ತಿರುವುದು ಅವರ ಸ್ವಂತ ಸಮಯವನ್ನು. ಮಾರುವುದು ಸರಿಯೋ ತಪ್ಪೋ, ವಸ್ತು ಅವರದು. ನಮ್ಮ ಔಷಧಾಲಯದ ವೈದ್ಯರ ಬೆಳಗಿನ ನಾಲ್ಕು ಗಂಟೆಗಳು ಟ್ರಸ್ಟಿನ ಸ್ವತ್ತಲ್ಲ. ಅಡಿಕೆ ಮಾರಿ ಬಂದ ಹಣದಲ್ಲಿ ಒಬ್ಬರು, ಪಿಂಚಣಿಯಲ್ಲಿ ಒಬ್ಬರು, ಗತಿಸಿದ ಮಗನ ನೆನಪಿಗಾಗಿ ಒಬ್ಬರು ಔಷಧದಾನವೆಂದು ಸಂಕಲ್ಪಿಸಿ ಕೊಟ್ಟದ್ದು ಅದು. ಕೊಟ್ಟ ಮೇಲೆ ಕೊಟ್ಟವರಿಗೇ ಅದರ ಮೇಲೆ ಹಕ್ಕಿಲ್ಲ. ದೇವರಿಗೆ ಅರ್ಪಿಸಿದ ಅಕ್ಕಿಕಾಯಿಗಳನ್ನು ನಿರ್ಮಾಲ್ಯವೆಂದು ಮುಟ್ಟದ ನಾವು, ರೋಗಿಗಳಿಗೆ ಅರ್ಪಿಸಿದ ಗಂಟೆಗಳನ್ನು ವರ್ಷಕ್ಕೆ 6,000 ರೂಪಾಯಿಗೆ ಹರಾಜು ಹಾಕಬಹುದೇ? ನನ್ನ ಅಕ್ಕ ಅಂಗಡಿಯಲ್ಲಿ ಕೊಂಡಳು. ನಾವು ಹುಂಡಿಯಿಂದ ತೆಗೆದು ಮಾರಲು ಹೊರಟಿದ್ದೇವೆ.

ಬಂದ ಹಣ ಬಡವರ ಔಷಧಕ್ಕೇ ಹೋಗುತ್ತದಲ್ಲ ಎಂಬ ವಾದವಿದೆ. ಒಳ್ಳೆಯ ಮನಸ್ಸಿನ ವಾದ. ಲೆಕ್ಕ ಮಾತ್ರ ತಪ್ಪು. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ 240 ನಿಮಿಷಗಳು. ಚೀಟಿಗಳು ದಿನಕ್ಕೆ 60. ಒಬ್ಬರಿಗೆ ನಾಲ್ಕು ನಿಮಿಷ. ಇಪ್ಪತ್ತು ಜನ ಸದಸ್ಯರಾದರೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 1,20,000 ರೂಪಾಯಿ. ಅವರಲ್ಲಿ ದಿನಕ್ಕೆ ಮೂವರು ಬಂದು ತಲಾ ಇಪ್ಪತ್ತು ನಿಮಿಷ ಕುಳಿತರೆ ಒಂದು ಗಂಟೆ ಹೋಯಿತು, ಅಂದರೆ ಹದಿನೈದು ಚೀಟಿ. ಬೆಳಗಿನ ಮೊದಲ ಬಸ್ಸಿಗೆ ಬಂದು ಜಗಲಿಯ ಮೇಲೆ ಕುಳಿತವರಲ್ಲಿ ಹದಿನೈದು ಜನ ಮರುದಿನ ಬರಬೇಕು. ಮರುದಿನದ ಕೂಲಿ ಹೋಯಿತು, ಬಸ್ಸಿನ ಹಣ ಹೋಯಿತು. ಅನಂತರ ಅವರಿಗೆ ನಾವು ಪುಕ್ಕಟೆ ಮಾತ್ರೆ ಕೊಟ್ಟು ದಾನ ಮಾಡಿದೆವೆನ್ನುತ್ತೇವೆ. ಇನ್ನೊಬ್ಬರಿಗೆ ದೊರೆಯಬೇಕಾದ ದಾನಕ್ಕೆ, ಲಾಭಕ್ಕೆ ವಿಘ್ನ ಮಾಡುವುದು ಅಂತರಾಯ ಕರ್ಮದ ಬಂಧಕ್ಕೆ ಕಾರಣವೆಂದು ಪಾಠಶಾಲೆಯ ಮಕ್ಕಳೂ ಬಲ್ಲರು. ಇಲ್ಲಿ ವಿಘ್ನಕ್ಕೆ ರಸೀದಿ ಪುಸ್ತಕವನ್ನೇ ಅಚ್ಚು ಹಾಕಿಸಲು ಹೊರಟಿದ್ದೇವೆ. ಮಧ್ಯಾಹ್ನ ಒಂದರ ನಂತರ ಸದಸ್ಯರನ್ನು ನೋಡಲಿ ಎಂದೂ ಒಬ್ಬರು ಹೇಳಿದರು. ವೈದ್ಯರು ತಮ್ಮ ಮನೆಯಲ್ಲಿ, ತಮ್ಮ ಹೆಸರಿನ ಫಲಕದ ಕೆಳಗೆ ನೋಡಲಿ, ಯಾರ ಅಡ್ಡಿಯೂ ಇಲ್ಲ. ಟ್ರಸ್ಟಿನ ಫಲಕದ ಕೆಳಗೆ ಬೇಡ.

ವೈದ್ಯವನ್ನು ವ್ಯಾಪಾರದ ಆಚೆಗೆ ಇಟ್ಟು ನೋಡುವುದು ನಮಗೆ ಹೊಸತಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯರು ‘ಕಲ್ಯಾಣಕಾರಕ’ದಲ್ಲಿ ಔಷಧಕ್ಕಾಗಿಯೂ ಮಾಂಸ ಸಲ್ಲದೆಂದು ವಾದಿಸಿದರು. ಕೀರ್ತಿವರ್ಮ ‘ಗೋವೈದ್ಯ’ ಬರೆದು ಹಸುವಿನ ರೋಗಕ್ಕೂ ಕನ್ನಡದಲ್ಲಿ ಚಿಕಿತ್ಸೆ ಹೇಳಿದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡಕ್ಕಿಟ್ಟ. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ಜೈನರು ನಡೆಸುವ ಪಕ್ಷಿಗಳ ಆಸ್ಪತ್ರೆ ಇಂದಿಗೂ ಇದೆ. ಅಲ್ಲಿನ ಪಾರಿವಾಳಗಳು ಸದಸ್ಯತ್ವ ಪಡೆದವುಗಳಲ್ಲ. ನಾಲ್ಕು ಬಗೆಯ ದಾನಗಳಿಗೆ ಸಮಂತಭದ್ರರು ‘ರತ್ನಕರಂಡಕ’ದಲ್ಲಿ ಒಬ್ಬೊಬ್ಬರನ್ನು ನಿದರ್ಶನವಾಗಿ ಹೆಸರಿಸುವಾಗ ಔಷಧದಾನಕ್ಕೆ ಹೆಸರಿಸಿದ್ದು ವೃಷಭಸೇನೆಯನ್ನು. ಅವಳ ಸ್ನಾನದ ನೀರಿನಿಂದಲೇ ರೋಗಗಳು ವಾಸಿಯಾಗುತ್ತಿದ್ದವೆಂದು ಕಥೆ. ಆ ಶಕ್ತಿ ಬಂದದ್ದು ಹಿಂದಿನ ಭವದಲ್ಲಿ ಮುನಿಯೊಬ್ಬರಿಗೆ ಮಾಡಿದ ಶುಶ್ರೂಷೆಯಿಂದ. ಆ ಭವದಲ್ಲಿ ಅವಳು ಕಸ ಗುಡಿಸುವ ಹುಡುಗಿ. ನಮ್ಮ ಔಷಧಾಲಯದ ಅಂಗಳ ಗುಡಿಸುವಾಕೆಯೂ ಮೊನ್ನೆ ಜ್ವರವೆಂದು ಚೀಟಿ ಬರೆಸಿದ್ದಳು. ಅವಳದು 47ನೆಯ ಚೀಟಿ. ಹೊಸ ವ್ಯವಸ್ಥೆಯಲ್ಲಿ ಮರುದಿನ ಬರಬೇಕಾದ ಹದಿನೈದು ಜನರಲ್ಲಿ ಅವಳೂ ಒಬ್ಬಳು.

ಶ್ರೀಮಂತರ ಹಣ ಬೇಡವೆಂದು ನಾನು ಹೇಳುತ್ತಿಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಸಂಪತ್ತಿದ್ದುದರಿಂದಲೇ. ನಮಗೆ ಬೇಕಾಗಿರುವುದು ಎರಡನೆಯ ವೈದ್ಯರು. ವಾರಕ್ಕೆ ಮೂರು ದಿನ ಬರುವ ಒಬ್ಬರು ಸಿಕ್ಕರೂ ಆ ದಿನಗಳಲ್ಲಿ ನಾಲ್ಕು ನಿಮಿಷ ಎಂಟಾಗುತ್ತದೆ, ಧನಿಕರಿಗೂ ಎಂಟು, ಕೂಲಿಯವರಿಗೂ ಎಂಟು. ಅಕ್ಕನಂಥ ವೃದ್ಧ ರೋಗಿಗಳಿಗೆ, ಚೀಟಿಯ ಬಣ್ಣ ನೋಡದೆ, ಪರ್ವದ ಮುಂಚಿನ ಎರಡು ವಾರ ಮಧ್ಯಾಹ್ನದ ಹೊತ್ತು ಉಪವಾಸ ಮತ್ತು ಔಷಧಗಳ ವಿಚಾರಣೆಗೆಂದೇ ಮೀಸಲಿಡಬಹುದು. ಸರತಿ ತಪ್ಪಿಸಿ ಒಳಗೆ ಬಿಡಲು ಒಂದೇ ಕಾರಣವಿರಲಿ: ರೋಗದ ತೀವ್ರತೆ.

ಈ ಅರ್ಥದ ತಿದ್ದುಪಡಿಯನ್ನು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಎರಡನೆಯ ವೈದ್ಯರ ಸಂಬಳದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 6,000 ರೂಪಾಯಿ ಬರೆಸಿದ್ದೇನೆ. ಅಕ್ಕನ ಮಗ, ತಾನು ಮತ್ತು ಹೆಂಡತಿ ಸದಸ್ಯರಾಗದೆ ಉಳಿಸಿದ ಹಣದಲ್ಲಿ ಒಂದು ಭಾಗವನ್ನು ಕಳುಹಿಸುವುದಾಗಿ ತಿಳಿಸಿದ್ದಾನೆ. ಸೂಚಕರನ್ನು ಮನೆಗೆ ಹೋಗಿ ಕಂಡೆ. ಪಟ್ಟಿಯನ್ನು ಓದಿ, ಯೋಚಿಸುತ್ತೇನೆಂದು ಹೇಳಿ ಕಾಫಿ ಕೊಟ್ಟು ಕಳುಹಿಸಿದರು. ಸಭೆ ಮುಂದಿನ ತಿಂಗಳ ಎರಡನೆಯ ಭಾನುವಾರ.